ಸ್ಪೆಕ್ಟ್ರಮ್‌ಗೆ ಹಳೇ ಡಬ್ಬಾ ಟಿವಿನೇ ಸರಿ

ನನ್ನ ಹತ್ತಿರ ಇರುವುದು 48ಕೆ (ಅಂದರೆ 48 ಕಿಲೋಬೈಟ್ ಮೆಮೊರಿಯ) ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೇ ಹೋಮ್ ಕಂಪ್ಯೂಟರ್. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ 1982ರಲ್ಲಿ ತಂದ ಮಷೀನು. ಇದಕ್ಕೆ ಅಂತ ಬೇರೆ ಮಾನಿಟರ್ ಬರುತ್ತಿರಲಿಲ್ಲ. ಮನೆಯ ಟಿವಿಯ ಆಂಟೆನಾ ಸಾಕೆಟ್‌ಗೆ ಕೇಬಲ್ ಸಿಕ್ಕಿಸಿ ಯುಎಚ್‌ಎಫ್ (ಟಿವಿ ಪ್ರಸಾರದ ಮೇಲಿನ ಬ್ಯಾಂಡ್) 36ನೇ ಚಾನೆಲ್ ಹಿಡಿದರೆ ಆಯಿತು.

ಮೊದಲು ಎಲ್‌ಇಡಿ ಟಿವಿಗೆ ಹಾಕಿ ನೋಡಿದೆ. ಚಿತ್ರ ಬರುತ್ತಿತ್ತು, ಆಗಾಗ ಮಾಯವಾಗುತ್ತಿತ್ತು. ಸ್ಪೆಕ್ಟ್ರಮ್ ಪ್ರತಿ ಸಲ 312 ಗೆರೆಗಳನ್ನೇ ಬರೆಯುತ್ತದೆ, ಅದೂ ಸೆಕೆಂಡಿಗೆ ಸರಿಯಾಗಿ 50 ಸಲ ಅಲ್ಲ, 50.08 ಸಲ. ಮಾಮೂಲಿ ಟಿವಿ ಪ್ರಸಾರಕ್ಕಿಂತ ಇಷ್ಟು ವ್ಯತ್ಯಾಸ ಇದ್ದದ್ದಕ್ಕೇ ಕೆಲವು ಹೊಸ ಟಿವಿಗಳು ತಕರಾರು ಮಾಡುತ್ತವೆ. ಪಿಕ್ಚರ್ ಟ್ಯೂಬ್ ಇರುವ ಟಿವಿಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ, ಸಿಗ್ನಲ್ ಹೇಗೆ ಬರುತ್ತದೋ ಹಾಗೇ ಅದನ್ನು ಹಿಂಬಾಲಿಸುತ್ತದೆ.

ಹಾಗಾಗಿ 14 ಇಂಚಿನ ಹಳೇ ಕಲರ್ ಟಿವಿ ತಂದೆ. ಆಂಟೆನಾ ದಾರಿಯಲ್ಲಿ ಚಿತ್ರ ಸ್ವಲ್ಪ ಕಾಳುಕಾಳು, ಅಕ್ಷರದ ಅಂಚು ಮಸುಕು. ಟಿವಿಯ ಹಿಂದೆ ಹಳದಿ ಎವಿ ಸಾಕೆಟ್ ಇತ್ತಲ್ಲ, ನೇರವಾಗಿ ಅಲ್ಲಿಗೇ ಕೊಡೋಣ ಅಂತ ಸ್ಪೆಕ್ಟ್ರಮ್ ಬಿಚ್ಚಿದೆ. ಒಳಗೆ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ, ಅದೇ ಮಾಡ್ಯುಲೇಟರ್, ವಿಡಿಯೊವನ್ನು ಆಂಟೆನಾ ಸಿಗ್ನಲ್ ಆಗಿ ಬದಲಿಸುವ ಭಾಗ. ಅದಕ್ಕೆ ಬೋರ್ಡ್‌ನಿಂದ ಎರಡು ವೈರ್, ಒಂದರಲ್ಲಿ 5 ವೋಲ್ಟ್, ಇನ್ನೊಂದರಲ್ಲಿ ವಿಡಿಯೊ. ಎರಡನ್ನೂ ಬಿಡಿಸಿ 5 ವೋಲ್ಟಿನದಕ್ಕೆ ಟೇಪ್ ಸುತ್ತಿದೆ. ಡಬ್ಬಿಯ ಮುಚ್ಚಳ ತೆಗೆದು ಸಾಕೆಟ್‌ನ ನಡುಪಿನ್ನಿಗೆ ಬೆಸೆದಿದ್ದ ರೆಸಿಸ್ಟರ್ ಕಾಲನ್ನು ಬಿಡಿಸಿದೆ. ಆಮೇಲೆ ವಿಡಿಯೊ ವೈರನ್ನು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಅದೇ ಪಿನ್ನಿಗೆ ಬೆಸೆದೆ, ಪ್ಲಸ್ ಕಾಲು ಬೋರ್ಡ್ ಕಡೆಗೆ. ಈಗ ಮಾಮೂಲಿ ಎವಿ ಕೇಬಲ್ ಸಾಕು. ಸೌಂಡ್ ವೈರ್ ಬೇಕಿಲ್ಲ, 48ಕೆಯಲ್ಲಿ ಸ್ಪೀಕರ್ ಒಳಗೇ ಇದೆ.

ಫಲಿತಾಂಶ ನಿಜಕ್ಕೂ ಚೆನ್ನಾಗಿದೆ! ಬಿಳಿ ಮೇಲೆ ಕಪ್ಪು ಅಕ್ಷರ ಆರಾಮಾಗಿ ಓದಬಹುದು. ನೀಲಿ ಮೇಲೆ ಕೆಂಪು ಬರೆದರೆ ಮಾತ್ರ ಕಲಸಿಕೊಳ್ಳುತ್ತದೆ, ಪಾಲ್ (ನಮ್ಮ ಹಳೇ ಕಲರ್ ಟಿವಿಗಳ ಬಣ್ಣದ ಪದ್ಧತಿ, PAL) ಸಿಗ್ನಲ್‌ನಲ್ಲಿ ಬಣ್ಣದ ವಿವರ ಕಡಿಮೆ, ಅದಕ್ಕೆ ಏನೂ ಮಾಡಲಾಗುವುದಿಲ್ಲ. ಕ್ಯಾಸೆಟ್ ಟೇಪ್‌ನಿಂದ ಆಟ ಲೋಡ್ ಆಗುವಾಗ ಸುತ್ತಲಿನ ಬಾರ್ಡರ್‌ನಲ್ಲಿ ಮೊದಲು ಕೆಂಪು-ತಿಳಿನೀಲಿ ಪಟ್ಟಿ ಓಡುತ್ತವೆ, ಡೇಟಾ ಶುರುವಾದ ಕೂಡಲೇ ನೀಲಿ-ಹಳದಿ ಸಣ್ಣ ಗೆರೆಗಳು. ಟ್ಯೂಬಿನ ಮೇಲೆ ಅದನ್ನು ನೋಡುವ ಖುಷಿಯೇ ಬೇರೆ. ಟಿವಿ ಅಂಚನ್ನು ಸ್ವಲ್ಪ ಕತ್ತರಿಸಿದರೂ ಹೋಗುವುದು ಬಾರ್ಡರ್ ಮಾತ್ರ, ಅಕ್ಷರ ಹೋಗುವುದಿಲ್ಲ. ಶಾರ್ಪ್‌ನೆಸ್ ಪೂರ್ತಿ ಇಳಿಸಿ, ಕಲರ್ ಸಿಸ್ಟಮ್ ಆಟೋ ಬಿಟ್ಟು ಪಾಲ್ ಅಂತಲೇ ಇಡಿ.

ಎರಡು ವಿಷಯ ಮರೆಯಬೇಡಿ. ಸ್ಪೆಕ್ಟ್ರಮ್‌ನ 9 ವೋಲ್ಟ್ ಅಡಾಪ್ಟರ್‌ನಲ್ಲಿ ನಡುಪಿನ್ನು ಮೈನಸ್, ಈಗ ಅಂಗಡಿಯಲ್ಲಿ ಸಿಗುವ ಬಹಳಷ್ಟು ಅಡಾಪ್ಟರ್‌ಗಳಲ್ಲಿ ಪ್ಲಸ್. ಮೀಟರ್ ಹಿಡಿದು ನೋಡದೆ ಚುಚ್ಚಬೇಡಿ. ಇನ್ನೊಂದು, ಟಿವಿಯ ಹಿಂಬದಿ ಬಿಚ್ಚಲೇಬೇಡಿ. ಕಲರ್ ಟ್ಯೂಬಿಗೆ 20 ಸಾವಿರ ವೋಲ್ಟ್ ಆಸುಪಾಸು ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ರಿಪೇರಿ ಏನಿದ್ದರೂ ಹಳೇ ಟಿವಿ ಮೆಕ್ಯಾನಿಕ್ ಕೈಗೇ ಕೊಡಿ.

ಗುಜರಿಯಲ್ಲಿ ಟಿವಿ ಹುಡುಕುವವರು ಮೊದಲು ಎವಿ ಸಾಕೆಟ್ ಇದೆಯಾ ನೋಡಿ. ನಮ್ಮ ಕಡೆಯ ತುಂಬ ಹಳೇ ಸೆಟ್‌ಗಳಲ್ಲಿ ವಿಎಚ್‌ಎಫ್ (ಕೆಳಗಿನ ಬ್ಯಾಂಡ್) ಮಾತ್ರ ಇರುವುದುಂಟು, ದೂರದರ್ಶನಕ್ಕೆ ಅಷ್ಟು ಸಾಕಿತ್ತು. ಅಂಥದ್ದರಲ್ಲಿ 36ನೇ ಚಾನೆಲ್ ಸಿಗುವುದೇ ಇಲ್ಲ.