ಮಿರಗದ ಮಳೆಗೆ ಮುಂಚೆ ಮಾಳಿಗೆ ಪೈಪಿನ ಬಾಯಿ ನೋಡಿ

ಕಲಬುರಗಿಯಲ್ಲಿ ಬೋರ್‌ವೆಲ್ ನೀರು ಬಳಸುವ ಎಲ್ಲರಿಗೂ ಒಂದು ಮಾತು. ಮಾಳಿಗೆ ಅಂಚಿನಲ್ಲಿ, ಮಳೆನೀರು ಇಳಿಯುವ ಪೈಪಿನ ಬಾಯಲ್ಲಿ ಬಿಳಿ ಪೊರೆ ಕಟ್ಟಿದೆಯಾ? ಅದು ಮಳೆನೀರಿಂದ ಬಂದದ್ದಲ್ಲ. ಟ್ಯಾಂಕ್ ತುಂಬಿ ಚೆಲ್ಲುವ ಗಡಸು ನೀರು, ಕೂಲರ್‌ನಿಂದ ಸೋರುವ ನೀರು ನಮ್ಮ ಬಿಸಿಲಿಗೆ ಆರಿಹೋಗುತ್ತೆ, ಸುಣ್ಣ ಅಲ್ಲೇ ಉಳಿಯುತ್ತೆ.

ಹೋದ ವರ್ಷ ನಮ್ಮ ಪೈಪಿನ ಜಾಲರಿ ತೆಗೆದು ನೋಡಿದೆ. ಅರ್ಧಕ್ಕಿಂತ ಜಾಸ್ತಿ ತೂತು ಮುಚ್ಚಿದ್ದವು. ಸುಣ್ಣದ ಪದರದ ನಡುವೆ ಬೇವಿನ ಎಲೆ ಸಿಕ್ಕಿ ಕಲ್ಲಿನಂತೆ ಗಟ್ಟಿಯಾಗಿತ್ತು. ಮಳೆ ಬಂದಾಗ ನೀರು ಮೇಲೇ ನಿಂತು, ಮಲಗುವ ಕೋಣೆಯ ಗೋಡೆ ಪೂರ್ತಿ ನೆನೆದಿತ್ತು.

ಮೊದಲು ಟ್ಯಾಂಕಿನ ಬಾಲ್ ವಾಲ್ವ್ ನೋಡಿ. ಅದರಲ್ಲೂ ಸುಣ್ಣ ಕಟ್ಟಿ ಸರಿಯಾಗಿ ಮುಚ್ಚುವುದಿಲ್ಲ, ಅದಕ್ಕೇ ನೀರು ಚೆಲ್ಲುತ್ತೆ. ಅದನ್ನು ಬಿಟ್ಟು ಪೈಪ್ ಉಜ್ಜಿದರೆ ಸುಮ್ನೆ ಕಷ್ಟ, ಅಲ್ವಾ? ಆಮೇಲೆ ಜಾಲರಿ ಬಿಚ್ಚಿ ಬಕೆಟ್‌ನಲ್ಲಿ ವಿನೆಗರ್ ಹಾಕಿ ನೆನೆಸಿಡಿ. ಗುಳ್ಳೆ ಏಳುತ್ತೆ, ಅಂದರೆ ಸುಣ್ಣ ಕರಗುತ್ತಿದೆ. ಒಂದೆರಡು ಗಂಟೆ ಬಿಟ್ಟು ಹಳೆಯ ಬ್ರಶ್‌ನಿಂದ ಉಜ್ಜಿ. ಪೈಪಿನ ಬಾಯಿಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿದರೆ ಸಾಕು.

ದಯವಿಟ್ಟು ಮಾಳಿಗೆಗೆ ಟಾಯ್ಲೆಟ್ ಆ್ಯಸಿಡ್ ಸುರಿಯಬೇಡಿ. ಮಾಳಿಗೆಗೆ ಹಾಸುವ ನಮ್ಮ ಶಹಾಬಾದ್ ಕಲ್ಲೇ ಸುಣ್ಣದಕಲ್ಲು. ಆ್ಯಸಿಡ್ ಪೊರೆಯ ಜೊತೆ ಕಲ್ಲನ್ನೂ, ಸಂದಿನ ಸಿಮೆಂಟನ್ನೂ ತಿನ್ನುತ್ತೆ. ವಿನೆಗರ್ ಕೂಡ ಕಲ್ಲಿನ ಮೇಲೆ ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ತಕ್ಷಣ ನೀರು ಹಾಕಿ. ಬ್ಲೀಚಿಂಗ್ ಪುಡಿ ಜೊತೆ ಯಾವುದನ್ನೂ ಬೆರೆಸಬೇಡಿ, ವಿಷಗಾಳಿ ಏಳುತ್ತೆ.