ಒಣಗುವ ಹನಿಯಲ್ಲಿ ಥೈರಾಮ್ ಹಿಡಿದದ್ದು: ಚಿನ್ನದ ಕೊಲಾಯ್ಡ್‌ನೊಂದಿಗೆ ನನ್ನ ಅನುಭವ

ನನ್ನ ಕೆಲಸ ರಾಮನ್ ರೋಹಿತದ್ದು: ಲೇಸರ್ ಬಿಟ್ಟಾಗ ಚದುರುವ ಬೆಳಕಿನ ಗೆರೆಗಳಿಂದ ಅಣುವನ್ನು ಗುರುತಿಸುವುದು; ಹತ್ತಿರ ಸೇರಿದ ಚಿನ್ನದ ಕಣಗಳು ಆ ಸಂಕೇತವನ್ನು ಹಿಗ್ಗಿಸುತ್ತವೆ. ಚಿನ್ನದ ಕೊಲಾಯ್ಡ್ (ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಚಿನ್ನದ ಕಣಗಳು) ನಂಬಿಕೊಂಡು ನ್ಯಾನೋಮೋಲಾರ್ ಸಾಂದ್ರತೆಗಿಂತ ಕೆಳಗೆ ಇಳಿಯಲಾಗದು, ಇಳಿದರೂ ಎರಡನೇ ಸಲ ಅದೇ ಅಂಕಿ ಬಾರದು ಎಂದು ನನಗೆ ಹೇಳದವರೇ ಇರಲಿಲ್ಲ. ಈಗ ನೀರಿನಲ್ಲಿರುವ ಥೈರಾಮ್ ಶಿಲೀಂಧ್ರನಾಶಕವನ್ನು ಸುಮಾರು ಅರ್ಧ ನ್ಯಾನೋಮೋಲಾರ್‌ವರೆಗೂ ಹಿಡಿಯುತ್ತಿದ್ದೇನೆ. ಅಂದರೆ ಲೀಟರ್ ನೀರಿಗೆ ಒಂದು ಮೈಕ್ರೋಗ್ರಾಂನ ಎಂಟನೇ ಒಂದು ಭಾಗ. ಅದೂ ಬೇರೆ ಬೇರೆ ದಿನ ಕಾಯಿಸಿದ ಕೊಲಾಯ್ಡ್‌ಗಳಲ್ಲಿ.

ಕೊಲಾಯ್ಡ್ ಬದಲು ಲಿಥೋಗ್ರಫಿಯ (ಅಚ್ಚು ಮೂಡಿಸುವ ವಿಧಾನದ) ಸಿದ್ಧ ಚಿನ್ನದ ಚಿಪ್‌ಗಳನ್ನೂ ಕೊಂಡು ನೋಡಿದೆ. ಹಣ ಕರಗಿದ್ದು ಅಲ್ಲೇ. ಥೈರಾಮ್ ಗಂಧಕದ ಮೂಲಕ ಚಿನ್ನಕ್ಕೆ ಒಮ್ಮೆ ಅಂಟಿದರೆ ಬಿಡುವುದಿಲ್ಲ. ಚಿಪ್ ತೊಳೆದು ಮತ್ತೆ ಬಳಸುವ ಮಾತೇ ಇಲ್ಲ. ಸಾಂದ್ರತೆಗೂ ಸಂಕೇತಕ್ಕೂ ನಂಟು ತೋರಿಸುವ ಒಂದು ಕ್ಯಾಲಿಬ್ರೇಷನ್ ಗೆರೆ ಎಳೆಯುವಷ್ಟರಲ್ಲಿ ಪೆಟ್ಟಿಗೆ ಖಾಲಿಯಾಗುತ್ತಿತ್ತು. ಅದೇ ಒಂದು ಗ್ರಾಂ ಚಿನ್ನದ ಲವಣದಿಂದ ಶೇ. 0.01ರ ಲೆಕ್ಕದಲ್ಲಿ ಹತ್ತು ಲೀಟರ್ ಕೊಲಾಯ್ಡ್ ಆಗುತ್ತದೆ, ಒಂದು ಪರೀಕ್ಷೆಗೆ ಬೇಕಾದದ್ದು ಕೆಲವೇ ಮೈಕ್ರೋಲೀಟರ್. ಈ ಲೆಕ್ಕ ಹಾಕಿದ ಮೇಲೆ ಯಾರ ಅನುಮಾನಕ್ಕೂ ನಾನು ಕಿವಿಗೊಡಲಿಲ್ಲ.

ಕಣಗಳನ್ನು ಮಾಡಿದ್ದು 1973ರಲ್ಲಿ ಫ್ರೆನ್ಸ್ ಎಂಬ ವಿಜ್ಞಾನಿ ತೋರಿಸಿದ ಸಿಟ್ರೇಟ್ ದಾರಿಯಲ್ಲೇ, ಅಂದರೆ ಚಿನ್ನದ ಲವಣವನ್ನು ಸಿಟ್ರೇಟ್ ಜೊತೆ ಕಾಯಿಸಿ. ಸಿಟ್ರೇಟ್ ಕಡಿಮೆ ಮಾಡಿ ಐವತ್ತು ನ್ಯಾನೋಮೀಟರ್ ಆಸುಪಾಸಿಗೆ ತಂದೆ. ಬೆಳಕಿನ ಹೀರಿಕೆಯ ಶಿಖರ 530ರಿಂದ 535 ನ್ಯಾನೋಮೀಟರ್ ನಡುವೆ ಇರಬೇಕು. ಶಿಖರ ಅಗಲವಾಗಿದ್ದರೆ ಆ ಸಲ ಮಾಡಿದ ಕೊಲಾಯ್ಡ್ ಅನ್ನು ಚೆಲ್ಲುವುದೇ ಲೇಸು. ಗಾಜಿನ ಪಾತ್ರೆಯನ್ನು ಆಕ್ವಾ ರೀಜಿಯಾದಿಂದ (ಚಿನ್ನವನ್ನೂ ಕರಗಿಸುವ ಆಮ್ಲಮಿಶ್ರಣ) ತೊಳೆಯುವುದನ್ನು ತಪ್ಪಿಸುವಂತಿಲ್ಲ.

ಎಲ್ಲರೂ ಸೋಲುವುದು ಕಣಗಳನ್ನು ಹತ್ತಿರ ಸೇರಿಸಲು ಉಪ್ಪು ಹಾಕುವ ಹಂತದಲ್ಲಿ. ಉಪ್ಪು ಬಿದ್ದೊಡನೆ ಮಾಣಿಕ್ಯದ ಕೆಂಪು ನೇರಳೆಗೆ ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ಬೂದು ನೀಲಿ, ಆಮೇಲೆ ತಳದಲ್ಲಿ ಕಪ್ಪು ಗಸಿ. 785 ನ್ಯಾನೋಮೀಟರ್ ಲೇಸರ್‌ಗೆ ಹೊಂದುವುದು ನೇರಳೆ ಮತ್ತು ನೀಲಿಯ ನಡುವಿನ ಘಟ್ಟ ಮಾತ್ರ. ಅದು ಒಂದು ದಿನ ಬೇಗ, ಒಂದು ದಿನ ತಡ. ಸಂಕೇತ ಹತ್ತು ಪಟ್ಟು ಏರಿಳಿಯುತ್ತಿತ್ತು. ತಿಂಗಳುಗಟ್ಟಲೆ ಇದರಲ್ಲೇ ಕಳೆದವು.

ಕೊನೆಗೆ ಕಣಗಳನ್ನು ಒಟ್ಟುಗೂಡಿಸುವ ಕೆಲಸವನ್ನು ಉಪ್ಪಿನಿಂದ ಕಿತ್ತು ಒಣಗುವಿಕೆಗೆ ಒಪ್ಪಿಸಿದೆ. ಸೆಂಟ್ರಿಫ್ಯೂಜ್‌ನಲ್ಲಿ ಸುಮಾರು ನೂರು ಪಟ್ಟು ಸಾಂದ್ರಗೊಳಿಸಿದ ಕೊಲಾಯ್ಡ್, ಅದಕ್ಕೆ ಮಾದರಿ, ಸಿಲಿಕಾನ್ ತುಂಡಿನ ಮೇಲೆ ಐದು ಮೈಕ್ರೋಲೀಟರ್‌ನಷ್ಟು ಹನಿ. ನೀರು ಆರುತ್ತಾ ಬಂದಂತೆ ಕಣಗಳು ತಾವಾಗಿಯೇ ಹತ್ತಿರ ಸೇರುತ್ತವೆ. ಹನಿ ಪೂರ್ತಿ ಒಣಗುವುದಕ್ಕೆ ಮೊದಲು, ತೆಳುವಾದ ತೇವದ ಪೊರೆ ಉಳಿದಿರುವ ಒಂದೆರಡು ನಿಮಿಷಗಳಲ್ಲಿ ಥೈರಾಮ್‌ನ ಗುರುತಾದ 1380ರ ಗೆರೆ (ರಾಮನ್ ರೋಹಿತದ ಸ್ಥಾನ, ಪ್ರತಿ ಸೆಂಟಿಮೀಟರ್ ಲೆಕ್ಕದಲ್ಲಿ) ಎದ್ದು ನಿಲ್ಲುತ್ತದೆ. ಪೂರ್ತಿ ಒಣಗಿತೋ, ಕುಸಿಯುತ್ತದೆ. ಆದ್ದರಿಂದ ಹನಿ ಇಟ್ಟ ಕ್ಷಣದಿಂದಲೇ ಕೆಲವು ಸೆಕೆಂಡಿಗೊಂದರಂತೆ ರೋಹಿತ ತೆಗೆಯುತ್ತಾ ಹೋಗುತ್ತೇನೆ, ಅತಿ ಎತ್ತರದ ಕೆಲವನ್ನು ಸರಾಸರಿ ಮಾಡುತ್ತೇನೆ. ಆ ಒಂದೆರಡು ನಿಮಿಷವನ್ನು ನಾಲ್ಕೈದಕ್ಕೆ ಎಳೆಯಲು ಹನಿಗೆ ಒಂದು ವಸ್ತು ಸೇರಿಸುತ್ತೇನೆ. ಅದು ಯಾವುದೆಂದು ಸದ್ಯಕ್ಕೆ ಹೇಳುವುದಿಲ್ಲ. ಅದು ಚಿನ್ನಕ್ಕೆ ಅಂಟಬಾರದು, ಅಷ್ಟು ಸಾಕು.

ಕಡಿಮೆ ಸಾಂದ್ರತೆಯಲ್ಲಿ ಸುಳ್ಳು ಸಂತೋಷ ಕೊಡುವುದು ಇಂಗಾಲ. ಲೇಸರ್ ಜೋರಾದರೆ ಸಾವಯವ ಕಸ ಸುಟ್ಟು 1350 ಮತ್ತು 1580ರ ಬಳಿ ಅಗಲವಾದ ದಿಬ್ಬಗಳು ಏಳುತ್ತವೆ. ಮೊದಲನೆಯದರ ಭುಜವನ್ನು ಥೈರಾಮ್ ಎಂದು ನಂಬಿಸುವುದು ಸುಲಭ. ನಿಜವಾದ ಗೆರೆ ಚೂಪಾಗಿರುತ್ತದೆ, ಜೊತೆಗೆ 560ರ ಬಳಿ ತನ್ನ ಸಂಗಾತಿಯನ್ನು ಕರೆತರುತ್ತದೆ. ಎರಡೂ ಒಟ್ಟಿಗೆ ಕಾಣದಿದ್ದರೆ ನಾನು ಎಣಿಸುವುದಿಲ್ಲ. ಮಾದರಿಯ ಮೇಲೆ ಬೀಳುವ ಶಕ್ತಿಯನ್ನು ಐದು ಮಿಲಿವ್ಯಾಟ್‌ಗಿಂತ ಕೆಳಗಿಟ್ಟ ಮೇಲೆ ಈ ಕಾಟ ಬಹುಮಟ್ಟಿಗೆ ನಿಂತಿತು. ಇನ್ನೊಂದು ಮಾತು: ಐದು ಮೈಕ್ರೋಲೀಟರ್ ಒಂದು ನ್ಯಾನೋಮೋಲಾರ್ ದ್ರಾವಣದಲ್ಲಿ ಸುಮಾರು ಮುನ್ನೂರು ಕೋಟಿ ಅಣುಗಳಿವೆ. ಕೇಳಲು ದೊಡ್ಡ ಸಂಖ್ಯೆ, ಆದರೆ ಕೊಳವೆಯ ಗೋಡೆ ಅದರಲ್ಲಿ ತನ್ನ ಪಾಲು ಕಿತ್ತುಕೊಳ್ಳುತ್ತದೆ. ದುರ್ಬಲ ದ್ರಾವಣಗಳನ್ನು ಅಂದೇ ಮಾಡಿ ಅಂದೇ ಮುಗಿಸಬೇಕು.

ನಡುವೆ ಚಿನ್ನದ ಬದಲು ಬೆಳ್ಳಿಯ ಕೊಲಾಯ್ಡ್ ಅನ್ನೂ ಬಳಸಿ ನೋಡಿದೆ. ಹೊಸದಿದ್ದಾಗ ಅದರ ಸಂಕೇತ ಚಿನ್ನಕ್ಕಿಂತ ಹಲವು ಪಟ್ಟು. ಮನಸ್ಸು ಅತ್ತ ವಾಲಿದ್ದೂ ಉಂಟು. ಆದರೆ ಬಾಟಲಿಯಲ್ಲಿಯೇ ಉತ್ಕರ್ಷಿಸುತ್ತಾ ವಾರದಿಂದ ವಾರಕ್ಕೆ ಸೊರಗಿತು. ಫಿಲ್ಟರ್ ಕಾಗದಕ್ಕೆ ಚಿನ್ನ ಹಚ್ಚಿದ್ದು ಹೆಚ್ಚು ಫಲ ಕೊಟ್ಟಿತು: ಒದ್ದೆ ಮಾಡಿದ ಪಟ್ಟಿಯಿಂದ ಎಲೆಯ ಮೇಲ್ಮೈ ಒರೆಸಿ ನೇರವಾಗಿ ಲೇಸರ್ ಕೆಳಗಿಡಬಹುದು. ಸೂಕ್ಷ್ಮತೆ ನೂರು ಪಟ್ಟು ಕಡಿಮೆ, ಆದರೂ ಇದೆ ಅಥವಾ ಇಲ್ಲ ಎಂದು ಹೇಳಲು ಸಾಕು.

ಎಲೆ ತೊಳೆದ ನೀರಿನಲ್ಲಿ ನನ್ನ ಅರ್ಧ ನ್ಯಾನೋಮೋಲಾರ್‌ನ ಮಿತಿ ಐದಾರಕ್ಕೆ ಏರುತ್ತದೆ. ಎಲೆಯ ಮೇಣವೂ ಪತ್ರಹರಿತ್ತೂ ಚಿನ್ನದ ಮೇಲೆ ಜಾಗ ಹಿಡಿಯುತ್ತವೆ. ಗಂಧಕದ ಹಿಡಿತವಿಲ್ಲದ ಕೀಟನಾಶಕಗಳಿಗೆ ಈ ಪಾಕ ಹಾಗೆಯೇ ಒಗ್ಗುವುದಿಲ್ಲ, ಅವುಗಳಿಗೆ ಕಣದ ಮೇಲ್ಮೈಯನ್ನೇ ಬದಲಿಸಬೇಕು. ಆ ಕೆಲಸ ಈಗ ಮೇಜಿನ ಮೇಲಿದೆ.