ಕಾರವಾರದಲ್ಲಿ ಹೊಸ ಫ್ಲಾಟ್: ಚದರಡಿ ರೇಟಿನ ಆಚೆಗಿನ ಪೂರ್ತಿ ಲೆಕ್ಕ

ಕಾರವಾರದಲ್ಲಿ ಬಿಲ್ಡರ್ ಒಬ್ಬರ ಆಫೀಸಿನಲ್ಲಿ ವರ್ಷಗಟ್ಟಲೆ ಕೊಟೇಶನ್ ಬರೆದವಳು ನಾನು. ಈಗ ಆ ಕೆಲಸ ಬಿಟ್ಟಿದ್ದೇನೆ. ಆದರೂ ಫೋನ್ ಬರುತ್ತಲೇ ಇರುತ್ತವೆ. ಕೈಗಾದಲ್ಲೋ ನೇವಲ್ ಬೇಸಿನಲ್ಲೋ ಕೆಲಸ ಸಿಕ್ಕವರು, ಮುಂಬೈ ಬಿಟ್ಟು ಊರಿಗೆ ಬರಬೇಕೆನ್ನುವವರು, ಶಿರಸಿ ಕಡೆಯ ನೆಂಟರು, ಎಲ್ಲರದ್ದೂ ಒಂದೇ ಪ್ರಶ್ನೆ: "ಅಕ್ಕಾ, ಕಾಜುಬಾಗದಲ್ಲಿ ಚದರಡಿಗೆ ಎಷ್ಟು ನಡೀತಿದೆ?" ಅದನ್ನು ಆಮೇಲೆ ಕೇಳಿ ಅಂತ ನಾನು ಹೇಳುತ್ತೇನೆ. ಕೀಲಿ ಕೈಗೆ ಬರುವಷ್ಟರಲ್ಲಿ ಒಟ್ಟು ಎಷ್ಟು ದುಡ್ಡು ಹೋಗುತ್ತದೆ, ಅದನ್ನು ಮೊದಲು ಕೇಳಿ. ಕಾಗದದ ಮೇಲೆ ಬರೆಸಿಕೊಳ್ಳಿ. ಟೋಕನ್ ಮಾತು ಅದಾದ ಮೇಲೆ.

ಚದರಡಿ ರೇಟು ಯಾವ ಚದರಡಿಗೆ ಎನ್ನುವುದೇ ಮೊದಲ ಗೊಂದಲ. ಬಿಲ್ಡರ್ ಹೇಳುವುದು ಬಹಳ ಸಲ ಸೂಪರ್ ಬಿಲ್ಟ್‌ಅಪ್ ಲೆಕ್ಕ. ಅದರಲ್ಲಿ ಮೆಟ್ಟಿಲು, ಲಿಫ್ಟ್, ಓಣಿ, ಹೊರಗೋಡೆ ಎಲ್ಲದರಲ್ಲೂ ನಿಮ್ಮ ಪಾಲು ಸೇರಿರುತ್ತದೆ. ನೀವು ಮಂಚ ಹಾಕುವುದು, ಅಡುಗೆ ಮಾಡುವುದು ಕಾರ್ಪೆಟ್ ಏರಿಯಾದಲ್ಲಿ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ ಹೊರಗೋಡೆ, ಬಾಲ್ಕನಿ, ತೆರೆದ ಟೆರೇಸ್ ಕಾರ್ಪೆಟ್ ಲೆಕ್ಕಕ್ಕೆ ಬರುವುದಿಲ್ಲ. ಒಳಗಿನ ಕೋಣೆಗಳ ನಡುವಿನ ಗೋಡೆ ಬರುತ್ತದೆ.

ಒಂದು ಉದಾಹರಣೆ ಹಾಕೋಣ. 1,100 ಚದರಡಿ, ಚದರಡಿಗೆ 4,000 ರೂಪಾಯಿ, ಅಂದರೆ 44 ಲಕ್ಷ. ಕಾರ್ಪೆಟ್ ಅಳೆದರೆ 770 ಚದರಡಿ ಅಂತ ಇಟ್ಟುಕೊಳ್ಳಿ. ಆಗ ನೀವು ಕೊಡುತ್ತಿರುವುದು ಚದರಡಿಗೆ ಸುಮಾರು 5,714 ರೂಪಾಯಿ. ಪಕ್ಕದ ಕಟ್ಟಡದವನು 4,300 ಹೇಳಿದರೂ ಅಲ್ಲಿ ಕಾರ್ಪೆಟ್ 860 ಇದ್ದರೆ, 1,100 ಚದರಡಿಗೆ ಒಟ್ಟು 47.3 ಲಕ್ಷ, ಅಸಲು ರೇಟು 5,500. ರೇಟು ಜಾಸ್ತಿ ಎಂದು ನೀವು ಬಿಟ್ಟು ಬಂದ ಮನೆಯೇ ಅಗ್ಗ, ಅಲ್ವಾ? ಅದಕ್ಕೇ ಎರಡು ಮನೆಗಳನ್ನು ಹೋಲಿಸುವಾಗ ಕಾರ್ಪೆಟ್ ಅಂಕಿಯಿಂದಲೇ ಭಾಗಿಸಿ.

ಇನ್ನು ಮೇಲಿನ ಖರ್ಚು. ಪಾರ್ಕಿಂಗ್, ಹೆಸ್ಕಾಂ ಮೀಟರ್ ಮತ್ತು ಟ್ರಾನ್ಸ್‌ಫಾರ್ಮರ್ ಪಾಲು, ನೀರಿನ ಸಂಪರ್ಕ, ಜನರೇಟರ್, ಮೇಂಟೆನೆನ್ಸ್ ಡಿಪಾಸಿಟ್, ಮೇಲಿನ ಮಹಡಿಗೆ ಇಷ್ಟು, ಸಮುದ್ರ ಕಾಣುವ ಕಡೆಗೆ ಇಷ್ಟು. ಇವು ಜಾಹೀರಾತಿನಲ್ಲಿ ಇರುವುದಿಲ್ಲ. ತೆರೆದ ಜಾಗದ ಪಾರ್ಕಿಂಗ್ ರೇರಾ ಪ್ರಕಾರ ಎಲ್ಲರ ಸಾಮಾನ್ಯ ಜಾಗ. ಅದಕ್ಕೆ ಬೇರೆ ಬೆಲೆ ಕೇಳಿದರೆ ಒಪ್ಪಬೇಡಿ.

ಬಹಳ ಜನಕ್ಕೆ ಗೊತ್ತಿಲ್ಲದ ಗೆರೆಯೊಂದಿದೆ. ಅದು 45 ಲಕ್ಷ. ಕಟ್ಟುತ್ತಿರುವ ಮನೆಗೆ 2019ರ ಏಪ್ರಿಲ್‌ನಿಂದ ಜಿಎಸ್‌ಟಿ ಶೇ. 5. ಆದರೆ ನಮ್ಮಂಥ ಊರಲ್ಲಿ ಕಾರ್ಪೆಟ್ 90 ಚದರ ಮೀಟರ್ ಒಳಗಿದ್ದು, ಬೆಲೆ 45 ಲಕ್ಷ ಮೀರದಿದ್ದರೆ ಶೇ. 1 ಮಾತ್ರ. ಆ 45 ಲಕ್ಷದ ಲೆಕ್ಕಕ್ಕೆ ಪಾರ್ಕಿಂಗ್, ಸೀ ವ್ಯೂ, ಡೆವಲಪ್‌ಮೆಂಟ್ ಚಾರ್ಜ್ ಎಲ್ಲ ಸೇರುತ್ತವೆ. ಮೇಲಿನ 44 ಲಕ್ಷದ ಫ್ಲಾಟಿಗೆ ಮುಚ್ಚಿದ ಪಾರ್ಕಿಂಗ್ ಎರಡೂವರೆ ಲಕ್ಷ, ಮತ್ತೊಂದು ಅರ್ಧ ಲಕ್ಷ ಸೇರಿಸಿ. 47 ಲಕ್ಷ ಆಯಿತು. ಜಿಎಸ್‌ಟಿ 2.35 ಲಕ್ಷ. ಚೌಕಾಸಿ ಮಾಡಿ ಎಲ್ಲವನ್ನೂ 45ರ ಒಳಗೆ ತಂದರೆ ಜಿಎಸ್‌ಟಿ 45,000 ಮೀರುವುದಿಲ್ಲ. ನೋಂದಣಿಗೂ ಇದೇ ಗೆರೆ. ಹೊಸ ಫ್ಲಾಟಿನ ಮೊದಲ ಮಾರಾಟಕ್ಕೆ 20ರಿಂದ 45 ಲಕ್ಷದವರೆಗೆ ಮುದ್ರಾಂಕ ಶುಲ್ಕ ಶೇ. 3, ಮೇಲೆ ಹೋದರೆ ಶೇ. 5. ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ನಗರಸಭೆ ವ್ಯಾಪ್ತಿಯಲ್ಲಿ 47 ಲಕ್ಷಕ್ಕೆ ಒಟ್ಟು ಶೇ. 7.6, ಅಂದರೆ ಮೂರೂವರೆ ಲಕ್ಷಕ್ಕಿಂತ ಜಾಸ್ತಿ. ನಿಮ್ಮ ಮನೆ ಈ ಗೆರೆಯ ಹತ್ತಿರ ಇದ್ದರೆ ದಯವಿಟ್ಟು ಇದನ್ನು ಹಿಡಿದುಕೊಂಡೇ ಮಾತಿಗೆ ಕೂರಿ. ಉಳಿಯುವುದು ಒಂದು ಅಡುಗೆಮನೆಯ ಪೂರ್ತಿ ಕಪಾಟಿನ ಖರ್ಚು. ಆದರೆ ಬೆಲೆಯ ಒಂದು ಭಾಗವನ್ನು ಕ್ಯಾಶ್ ಕೊಟ್ಟು ಪತ್ರದಲ್ಲಿ ಕಮ್ಮಿ ತೋರಿಸೋಣ ಎಂದರೆ ಬೇಡವೇ ಬೇಡ. ತೆರಿಗೆಯವರು ಹಿಡಿದರೆ ದಂಡ ನಿಮಗೂ ಬೀಳುತ್ತದೆ. ಕೆಲಸ ನಿಂತುಹೋದರೆ ಆ ದುಡ್ಡಿಗೆ ಲೆಕ್ಕವೂ ಇರುವುದಿಲ್ಲ.

ಕಂಪ್ಲೀಶನ್ ಸರ್ಟಿಫಿಕೇಟ್ ಬಂದ ಮೇಲೆ ಮಾರುವ ಮನೆಗೆ ಜಿಎಸ್‌ಟಿ ಇಲ್ಲ. ಆಗ ರೇಟನ್ನೇ ಸ್ವಲ್ಪ ಏರಿಸಿ ಹೇಳುವುದುಂಟು. ಎರಡನ್ನೂ ಒಟ್ಟು ಮೊತ್ತದಲ್ಲೇ ಹೋಲಿಸಿ.

ಕೈಯಿಂದ ಎಷ್ಟು ಬೇಕು ಎನ್ನುವುದನ್ನು ಈಗಲೇ ನೋಡಿಕೊಳ್ಳಿ. 30ರಿಂದ 75 ಲಕ್ಷದ ಸಾಲಕ್ಕೆ ಬ್ಯಾಂಕ್ ಮನೆಯ ಬೆಲೆಯ ಶೇ. 80ರವರೆಗೆ ಕೊಡಬಹುದು. ಆ ಬೆಲೆಯಲ್ಲಿ ಮುದ್ರಾಂಕ, ನೋಂದಣಿ ಸೇರುವುದಿಲ್ಲ. 47 ಲಕ್ಷದ ಮನೆಗೆ 9.4 ಲಕ್ಷ ನಿಮ್ಮದು, ನೋಂದಣಿ ಮೂರೂವರೆ, ಸಾಲದಲ್ಲಿ ಸೇರದಿದ್ದರೆ ಜಿಎಸ್‌ಟಿಯೂ ನಿಮ್ಮದೇ. ಹದಿನೈದು ಲಕ್ಷ ದಾಟಿತು. ಫ್ಯಾನು, ಕಿಟಕಿ ಪರದೆ ಇನ್ನೂ ಬಂದಿಲ್ಲ.

ಬೆಲೆ ಎಲ್ಲಿ ಇಳಿಯುತ್ತದೆ? ಜಾಗದ ಬೆಲೆಯಲ್ಲಿ ಬಿಲ್ಡರ್ ಜಗ್ಗುವುದು ಕಷ್ಟ. ಒಂದು ಕಡೆ ಸಮುದ್ರ, ಒಂದು ಕಡೆ ಕಾಳಿ ನದಿ, ಹಿಂದೆ ಗುಡ್ಡ. ಕಟ್ಟುವ ಜಾಗವೇ ಕಮ್ಮಿ. ರೇತಿ, ಕಬ್ಬಿಣ, ಗವಂಡಿ ಕೂಲಿ, ಬಡ್ಡಿ ಇವೂ ಅವರ ಕೈಯಲ್ಲಿಲ್ಲ. ಆದರೆ ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ಮೊದಲು ಬರೆದ ಕೊಟೇಶನ್ ತೋರಿಸಿದರೆ ಇದನ್ನು ನೆನಪಿಸಿ. ಪಾರ್ಕಿಂಗ್, ಮಹಡಿ ಚಾರ್ಜ್, ಸೀ ವ್ಯೂ, ಇವುಗಳಲ್ಲಿ ಬಿಲ್ಡರಿಗೆ ನಿಜವಾದ ಸಡಿಲ ಇರುತ್ತದೆ. ನಾನು ಬರೆದ ಕೊಟೇಶನ್‌ಗಳಲ್ಲಿ ಮೊದಲು ಅಳಿಸುತ್ತಿದ್ದುದೂ ಇವನ್ನೇ. ಜಾಯಿಂಟ್ ಡೆವಲಪ್‌ಮೆಂಟ್ ಕಟ್ಟಡವಾದರೆ (ಮಾಲೀಕರು ಜಾಗ ಕೊಟ್ಟು, ಬಿಲ್ಡರ್ ಕಟ್ಟಿ, ಫ್ಲಾಟ್ ಹಂಚಿಕೊಳ್ಳುವುದು) ಜಾಗದ ಮಾಲೀಕರ ಪಾಲಿಗೆ ಬಂದ ಫ್ಲಾಟೂ ಇರುತ್ತದೆ. ಅವರನ್ನೂ ಕೇಳಿ. ಯಾವ ಫ್ಲಾಟ್ ಯಾರ ಪಾಲಿಗೆ ಎಂಬ ಪತ್ರ ಮಾತ್ರ ನೋಡಲೇಬೇಕು.

ಕಾಗದಪತ್ರದಲ್ಲಿ ನಮ್ಮ ಜಿಲ್ಲೆಯ ತೊಡಕುಗಳೇ ಬೇರೆ. ಜಾಗ ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆಯಾ? ಪಹಣಿಯಲ್ಲಿ ಅರಣ್ಯ, ಮಂಜೂರಿ ಅಂತ ಏನಾದರೂ ಇದೆಯಾ? ಶಿರಸಿ ಕಡೆಯಾದರೆ ಬೆಟ್ಟ ಭೂಮಿ (ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಜಾಗ) ಸೇರಿಕೊಂಡಿದೆಯಾ? ಕೋಡಿಬಾಗ, ಸದಾಶಿವಗಡದ ಕಡೆಯಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಒಪ್ಪಿಗೆ ಕೇಳಿ. ಈ ನಿಯಮ ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಬರುತ್ತದೆ. ಉಬ್ಬರದ ನೀರು ಏರುವ ಕಾಳಿ ದಡಕ್ಕೂ ನಿಯಮವಿದೆ. ಇ-ಖಾತಾ ಮತ್ತು ಇಸಿ (ಋಣಭಾರ ಪತ್ರ) ಇಲ್ಲದೆ ಮುಂದೆ ಹೋಗಬೇಡಿ. ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. ವಕೀಲರಿಗೆ ಕೊಡುವ ಫೀಸು ಈ ಇಡೀ ಖರ್ಚಿನಲ್ಲಿ ಅತಿ ಸಣ್ಣದು. ಆದರೆ ಬಿಲ್ಡರ್ ತೋರಿಸಿದ ವಕೀಲರು ಬೇಡ. ನಿಮ್ಮವರೇ ಇರಲಿ.

ರೇರಾ ನಂಬರ್ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ನೋಂದಣಿಯಾದ ಕಟ್ಟಡದಲ್ಲಿ ಒಪ್ಪಂದ ನೋಂದಾಯಿಸದೆ ಶೇ. 10ಕ್ಕಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ 5 ವರ್ಷ ಬಿಲ್ಡರ್ ರಿಪೇರಿ ಮಾಡಿಕೊಡಬೇಕು. ಆದರೆ ನಮ್ಮೂರಲ್ಲಿ ಕಟ್ಟುವುದು ಬಹುಪಾಲು ಚಿಕ್ಕ ಕಟ್ಟಡ. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲಾಟ್ 8ಕ್ಕಿಂತ ಹೆಚ್ಚಿಲ್ಲದಿದ್ದರೆ, ನೋಂದಣಿ ಕಡ್ಡಾಯವಲ್ಲ. ಅಂಥ ಕಡೆ ಇವೇ ಮಾತುಗಳನ್ನು ನಿಮ್ಮ ಒಪ್ಪಂದದಲ್ಲಿ ಬರೆಸಿ: ಕೀಲಿ ಕೊಡುವ ತಾರೀಕು, ತಡವಾದರೆ ಬಡ್ಡಿ, ಸೋರಿದರೆ ಎಷ್ಟು ವರ್ಷ ಜವಾಬ್ದಾರಿ, ಜಾಗದಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು. ಕಂತುಗಳು ತಾರೀಕಿನ ಪ್ರಕಾರ ಬೇಡ, ಕೆಲಸದ ಹಂತಕ್ಕೆ ಕಟ್ಟಿರಲಿ. ಸ್ಲ್ಯಾಬ್ ಬಿದ್ದ ಮೇಲೆ ಸ್ಲ್ಯಾಬಿನ ದುಡ್ಡು.

ಮನೆ ನೋಡುವುದು ಜುಲೈನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ. ಮಳೆಯಲ್ಲಿ ಪಶ್ಚಿಮದ ಗೋಡೆ, ಕಿಟಕಿಯ ಮೂಲೆ, ಬಾತ್‌ರೂಮಿನ ಕೆಳಗಿನ ಸೀಲಿಂಗ್ ಮುಟ್ಟಿ ನೋಡಿ. ಪಾಗಾರದ ಹೊರಗೆ ನೀರು ಎಲ್ಲಿಗೆ ಹರಿಯುತ್ತದೆ ನೋಡಿ. ಗುಡ್ಡ ಕಡಿದು ಕಟ್ಟಿದ ಕಟ್ಟಡವಾದರೆ ಹಿಂದಿನ ತಡೆಗೋಡೆಯನ್ನು ಎಂಜಿನಿಯರ್ ಒಬ್ಬರಿಗೆ ತೋರಿಸಿ. 2024ರ ಜುಲೈನ ಶಿರೂರು ಗುಡ್ಡ ಕುಸಿತದ ದುರಂತ ಕಂಡ ಜಿಲ್ಲೆ ನಮ್ಮದು. ಮೇ ತಿಂಗಳಲ್ಲಿ ಬಾವಿಯ ನೀರು ಕುಡಿದು ನೋಡಿ, ಸಮುದ್ರದ ಹತ್ತಿರ ಉಪ್ಪಾಗುತ್ತದೆ. ಉಪ್ಪು ಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಅದೇ ಬಿಲ್ಡರ್ ಐದಾರು ವರ್ಷದ ಹಿಂದೆ ಕಟ್ಟಿದ ಕಟ್ಟಡಕ್ಕೆ ಹೋಗಿ ಬಾಲ್ಕನಿಯ ತಳ, ಕಂಬದ ಮೂಲೆ ನೋಡಿ. ತುಕ್ಕಿನ ಕಂದು ಗೆರೆ ಕಂಡರೆ ಒಳಗಿನ ಕಬ್ಬಿಣಕ್ಕೆ ಸಾಕಷ್ಟು ಕಾಂಕ್ರೀಟ್ ಹೊದಿಕೆ ಕೊಟ್ಟಿಲ್ಲ ಎಂಬ ಅನುಮಾನ ಇಟ್ಟುಕೊಳ್ಳಿ. ಅಲ್ಲಿರುವ ಮನೆಯವರ ಹತ್ತಿರವೂ ಮಾತಾಡಿ. ಕೀಲಿ ಕೊಟ್ಟ ಮೇಲೆ ಬಿಲ್ಡರ್ ಫೋನ್ ಎತ್ತುತ್ತಾರಾ ಅನ್ನುವುದು ಅವರಿಗೇ ಗೊತ್ತು.

ಕೀಲಿ ತೆಗೆದುಕೊಳ್ಳುವ ದಿನ ಎಲ್ಲಾ ನಲ್ಲಿ ಬಿಟ್ಟು, ಎಲ್ಲಾ ಸ್ವಿಚ್ ಹಾಕಿ ನೋಡಿ. ಬಾಕಿ ಕೆಲಸಗಳನ್ನು ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ. ಕೊನೆಯ ಕಂತು ಅದು ಮುಗಿದ ಮೇಲೆ. ಖಾತಾ ಮತ್ತು ಹೆಸ್ಕಾಂ ಮೀಟರ್ ನಿಮ್ಮ ಹೆಸರಿಗೆ ಮಾಡಿಸುವ ಅರ್ಜಿಯನ್ನು ಅದೇ ವಾರ ಕೊಡಿ.